ಗುರುಬಸಪ್ಪನವರು ಉಸಿರು ಎಣಿಸಿದ್ದು

ರಾಜಾಜಿನಗರದ ಮೂರನೆಯ ಬ್ಲಾಕಿನಲ್ಲಿ ಆರು ಮನೆಗಳ ಒಂದು ವಠಾರ. ಅದರ ಕೊನೆಯ ಮನೆಯ ಗುರುಬಸಪ್ಪನವರನ್ನು ಕಂಡು, 1976ರ ಫೆಬ್ರವರಿಯಲ್ಲಿ ನಾಲ್ಕು ದಿನಗಳ ಮಟ್ಟಿಗೆ, ಒಂದು ಇಡೀ ಸರ್ಕಾರಿ ಕಚೇರಿ ಗಡಗಡ ನಡುಗಿತು. ಅವರ ಕೈಯಲ್ಲಿ ಅಧಿಕಾರವಿರಲಿಲ್ಲ, ಮಗಳ ಗಡಿಯಾರವಿತ್ತು. ಬಾಯಲ್ಲಿ ಗದರಿಕೆಯಿರಲಿಲ್ಲ, ಅಡಿಕೆಪುಡಿಯಿತ್ತು. ಇಷ್ಟು ಬಡ ಸಲಕರಣೆಗಳಿಂದ ಅಷ್ಟು ದೊಡ್ಡ ಭೀತಿ ಹೇಗೆ ಹುಟ್ಟಿತೆಂದು ತಿಳಿಯಬೇಕಾದರೆ, ಅವರ ಮಗಳು ನೀಲಗಂಗಾ ನರ್ಸಿಂಗ್ ಪರೀಕ್ಷೆಯಲ್ಲಿ ನಪಾಸಾದದ್ದೇಕೆ ಎಂಬುದನ್ನು ಮೊದಲು ತಿಳಿಯಬೇಕು.

ರೋಗಿಯ ಆರೈಕೆಯ ಪಾಠದಲ್ಲಿ ಒಂದು ಸಣ್ಣ ನಿಯಮವಿದೆ. ಉಸಿರಾಟವನ್ನು ಎಣಿಸುವಾಗ, ಎಣಿಸುತ್ತಿದ್ದಾರೆಂಬ ಸಂಗತಿ ರೋಗಿಗೆ ಗೊತ್ತಾಗಬಾರದು. ಗೊತ್ತಾದ ಕ್ಷಣದಿಂದ ಮನುಷ್ಯ ಉಸಿರಾಡುವುದನ್ನು ಬಿಟ್ಟು, ಉಸಿರಾಡಿ ತೋರಿಸಲು ಶುರುಮಾಡುತ್ತಾನೆ. ಆದ್ದರಿಂದ ಪಳಗಿದ ದಾದಿಯರು ನಾಡಿ ಹಿಡಿದ ಕೈಯನ್ನು ಬಿಡದೆ, ಇನ್ನೂ ನಾಡಿಯನ್ನೇ ನೋಡುತ್ತಿರುವಂತೆ ನಟಿಸುತ್ತ, ಕಣ್ಣಂಚಿನಲ್ಲಿ ಎದೆಯ ಏರಿಳಿತವನ್ನು ಎಣಿಸಿ ಮುಗಿಸಿಬಿಡುತ್ತಾರೆ. ನೀಲಗಂಗಾ ಮರ್ಯಾದಸ್ಥ ಮನೆಯ ಹುಡುಗಿ. ನವೆಂಬರಿನ ಪ್ರಾಯೋಗಿಕ ಪರೀಕ್ಷೆಯಲ್ಲಿ, ಕೇಳದೆ ಪರರದ್ದನ್ನು ಮುಟ್ಟಬಾರದೆಂಬ ಸಂಸ್ಕಾರದಿಂದ, "ತಾತಾ, ನಿಮ್ಮ ಉಸಿರು ಎಣಿಸ್ಲಾ?" ಎಂದು ರೋಗಿಯನ್ನು ವಿನಯದಿಂದ ಕೇಳಿದಳು. ಆ ತಾತ ಮೂವತ್ತು ವರ್ಷ ಶಾಲಾಮಕ್ಕಳಿಗೆ ಯೋಗಾಸನ ಕಲಿಸಿ ನಿವೃತ್ತರಾದವರು. ಕೇಳಿದ್ದೇ ತಡ, ಹಾಸಿಗೆಯ ಮೇಲೆ ಪದ್ಮಾಸನ ಹಾಕಿ ಪ್ರಾಣಾಯಾಮ ಆರಂಭಿಸಿದರು. ನಿಮಿಷಕ್ಕೆ ನಾಲ್ಕು ಉಸಿರು. ಸುಳ್ಳು ಬರೆಯಲಾರದ ನೀಲಗಂಗಾ ನಾಲ್ಕು ಎಂದೇ ಬರೆದಳು.

ಪರೀಕ್ಷಕಿ ಕಮಲಾಕ್ಷಮ್ಮ ಸಿಸ್ಟರ್ ಆ ಹಾಳೆಯನ್ನು ಎರಡು ಸಲ ಓದಿದರು. "ಏನಮ್ಮಾ, ಇದು ರೋಗಿಯ ಚಾರ್ಟೋ, ಶವಾಗಾರದ ರಿಜಿಸ್ಟರೋ?" ಎಂದರು. ಅಲ್ಲಿಗೆ ನಪಾಸು.

ಮರುಪರೀಕ್ಷೆ ಫೆಬ್ರವರಿ ಇಪ್ಪತ್ತರ ಶುಕ್ರವಾರ. ಅದರೊಳಗೆ ಮೂವತ್ತು ಮಂದಿಯ ಉಸಿರಾಟವನ್ನು, ಅವರು ವಿಶ್ರಾಂತಿಯಲ್ಲಿರುವಾಗ, ಅವರಿಗೆ ತಿಳಿಯದಂತೆ ಎಣಿಸಿ ಬರೆದು ತರಬೇಕೆಂದು ಸಿಸ್ಟರ್ ವಿಧಿಸಿದ್ದರು. ಇದರ ಮೇಲೆ ಇನ್ನೊಂದು ತೂಗುಕತ್ತಿ ಮನೆಯೊಳಗೇ ಬಂದು ಮಂಚದ ಮೇಲೆ ಕೂತಿತ್ತು. ಅದರ ಹೆಸರು ರೇವಣಸಿದ್ದಪ್ಪ. ಗುರುಬಸಪ್ಪನವರ ಹೆಂಡತಿ ಶಿವಕ್ಕನ ಅಣ್ಣ, ದಾವಣಗೆರೆಯವರು. ಅವರ ಕೋಟಿನ ಒಳಜೇಬಿನಲ್ಲಿ ಒಬ್ಬ ವರನ ಭಾವಚಿತ್ರವಿತ್ತು.

"ನೋಡ್ರೀ ಗುರುಬಸಪ್ಪೋರೆ," ಎಂದು ಅವರು ಬಂದ ದಿನವೇ ಕರಾರು ಹಾಕಿದ್ದರು. "ಹುಡುಗಿ ಈ ಸಲ ಪಾಸಾದ್ಲು ಅಂದ್ರ ನಾ ಬಾಯಿ ಮುಚ್ಕೋತೀನಿ. ಆಗ್ಲಿಲ್ಲ ಅಂದ್ರ, ಶಿವರಾತ್ರಿ ಮುಗಿದ ಮೊದಲನೇ ಮುಹೂರ್ತಕ್ಕ ಮದುವಿ. ಆಮೇಲೆ ಯಾರೂ ಕೊಸರಾಡಂಗಿಲ್ಲ."

ರೇವಣಸಿದ್ದಪ್ಪ ಬಾಯಿ ಮುಚ್ಚುವುದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲವಾದ್ದರಿಂದ, ಕರಾರಿನ ಮೊದಲ ಭಾಗವನ್ನು ಯಾರೂ ನಂಬಲಿಲ್ಲ. ಎರಡನೆಯ ಭಾಗವನ್ನು ಎಲ್ಲರೂ ನಂಬಿದರು.

ಸೋಮವಾರ ಬೆಳಿಗ್ಗೆಯ ಹೊತ್ತಿಗೆ ನೀಲಗಂಗಾ ಹದಿನೆಂಟು ಜನರನ್ನು ಎಣಿಸಿದ್ದಳು. ಇನ್ನೂ ಹನ್ನೆರಡು ಬಾಕಿ. ಓದಬೇಕಾದ ಅಧ್ಯಾಯಗಳೂ ಹೆಚ್ಚುಕಡಿಮೆ ಅಷ್ಟೇ. ಆಗಲೇ ಗುರುಬಸಪ್ಪನವರು ಎದೆಯ ಮೇಲೆ ಕೈಯಿಟ್ಟುಕೊಂಡು ಮುಂದೆ ಬಂದರು.

"ಎಣಿಕೆ ನನಗೆ ಬಿಡಮ್ಮ, ನೀನು ಓದ್ಕೋ."

"ಅಪ್ಪಾ, ಇದು ನಿಮ್ಮ ನಟ್ಟು ಬೋಲ್ಟು ಅಲ್ಲ."

"ಇಪ್ಪತ್ತೊಂದು ವರ್ಷದಿಂದ ಕಾರ್ಖಾನೆ ಸ್ಟೋರಲ್ಲಿ ಎಣಿಸ್ತಿದೀನಿ. ಒಂದು ವಾಷರು ಹೆಚ್ಚುಕಮ್ಮಿ ಆಗಿಲ್ಲ. ಉಸಿರೇನು, ಅದಕ್ಕಿಂತ ದೊಡ್ಡ ಸಾಮಾನಾ?"

ಅವರಿಗೆ ಆ ವಾರ ಎರಡನೆಯ ಪಾಳಿ, ಬೆಳಗೆಲ್ಲ ಬಿಡುವು. ನೀಲಗಂಗಾ ಕೆಂಪು ಸೆಕೆಂಡು ಮುಳ್ಳಿನ ತನ್ನ ಕೈಗಡಿಯಾರವನ್ನೂ ಒಂದು ನೋಟುಬುಕ್ಕನ್ನೂ ಕೊಟ್ಟು, ನಿಯಮವನ್ನು ಮೂರು ಸಲ ಹೇಳಿಸಿದಳು: ಎಣಿಸಿಕೊಳ್ಳುವವರು ವಿಶ್ರಾಂತಿಯಲ್ಲಿರಬೇಕು, ಒಂದು ಪೂರ್ತಿ ನಿಮಿಷ ಎಣಿಸಬೇಕು, ಯಾವ ಕಾರಣಕ್ಕೂ ಅವರಿಗೆ ತಿಳಿಯಬಾರದು. ಗುರುಬಸಪ್ಪನವರು ಮೂರು ಸಲವೂ ತಪ್ಪಿಲ್ಲದೆ ಒಪ್ಪಿಸಿದರು. ಮುಂದೆ ನಡೆದ ಅನರ್ಥಗಳೆಲ್ಲ ಅವರು ನಿಯಮವನ್ನು ಮುರಿದದ್ದರಿಂದ ಆದವಲ್ಲ, ಅಕ್ಷರಶಃ ಪಾಲಿಸಿದ್ದರಿಂದ ಆದವು ಎಂಬುದನ್ನು ವಾಚಕರು ಗಮನಿಸಬೇಕು.

ಅಂಗಳದ ನಲ್ಲಿಯ ಹತ್ತಿರ ಪಕ್ಕದ ಮನೆಯ ಇಂದ್ರಮ್ಮ ಬೋರಲು ಬಕೆಟ್ಟಿನ ಮೇಲೆ ಕೂತು ತಮ್ಮ ಸರದಿಗೆ ಕಾಯುತ್ತಿದ್ದರು. ಸಂಪೂರ್ಣ ವಿಶ್ರಾಂತಿ. ಗುರುಬಸಪ್ಪನವರು ನಾಲ್ಕು ಮಾರು ದೂರದ ದಾಸವಾಳದ ಗಿಡದ ಪಕ್ಕ ನಿಂತು ಒಂದು ಕಣ್ಣನ್ನು ಗಡಿಯಾರದ ಮೇಲೂ ಇನ್ನೊಂದನ್ನು ಇಂದ್ರಮ್ಮನವರ ಮೇಲೂ ಇಟ್ಟರು. ನಿಮಿಷ ಮುಗಿಯುವ ಹೊತ್ತಿಗೆ ಸರಿಯಾಗಿ ಇಂದ್ರಮ್ಮ ತಿರುಗಿದರು.

"ಏನ್ ಗುರುಬಸಪ್ನೋರೇ, ಹಂಗ್ ನೋಡ್ತಾ ನಿಂತ್ಬಿಟ್ರಿ?"

ನಿಜ ಹೇಳುವ ಹಾಗಿಲ್ಲ. ಸುಳ್ಳು ಸಿದ್ಧವಿಲ್ಲ. ನಾಲಗೆಯ ತುದಿಯಲ್ಲಿ ಇದ್ದದ್ದು ಒಂದೇ ಮಾತು. "ಇಪ್ಪತ್ತೆರಡು," ಎಂದರು ಗುರುಬಸಪ್ಪನವರು.

ಇಂದ್ರಮ್ಮನವರಿಗೆ ಆಗ ನಲವತ್ತಮೂರು ವರ್ಷ. ಅವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೆಂಪಾದರು. "ಅಯ್ಯೋ ಹೋಗ್ರಪ್ಪಾ ನೀವೊಬ್ರು! ಎರಡು ಹೆರಿಗೆ ಆಗಿರೋಳ್ನ ಹಿಡ್ಕೊಂಡು ಇಪ್ಪತ್ತೆರಡು ಅಂತೀರಲ್ಲಾ!"

ಈ ಪ್ರಶಂಸೆ ಐದು ನಿಮಿಷದಲ್ಲಿ ಆರೂ ಮನೆಗಳ ಒಲೆಗಳನ್ನು ಮುಟ್ಟಿತು. ಆರನೆಯ ಒಲೆಯ ಮುಂದೆ ಶಿವಕ್ಕ ರೊಟ್ಟಿ ತಟ್ಟುತ್ತಿದ್ದರು.

"ರೀ, ಇಲ್ ಬನ್ನಿ. ನನಗೆ ಎಷ್ಟು ವರ್ಷ ಅಂತ ಹೇಳಿ ನೋಡೋಣ."

"ಅದು ವಯಸ್ಸಲ್ವೇ ಶಿವೂ, ಉಸಿರು…"

"ಉಸಿರೆತ್ತಬೇಡಿ. ಹೆಂಗಸ್ರನ್ನ ಎಣಿಸೋದು ಇಲ್ಲಿಗೆ ನಿಲ್ಲಬೇಕು. ಇವತ್ತಿಗೆ. ಈಗಲೇ."

ಉಳಿದದ್ದು ಗಂಡಸರು. ಆದರೆ ವಿಶ್ರಾಂತಿಯಲ್ಲಿರುವ ಗಂಡಸರು ಬೆಳಿಗ್ಗೆ ಎಲ್ಲಿ ಸಿಗುತ್ತಾರೆ? ಎದುರು ಮನೆಯ ಕೃಷ್ಣಯ್ಯ ಇಡೀ ದಿನ ಕೆಮ್ಮುವವರು. ಕಾರ್ಖಾನೆಗೆ ಓಡುವವರು ಏದುಸಿರು ಬಿಡುವವರು. ಬಸ್ಸಿನವರು ಒಬ್ಬರ ಮೇಲೊಬ್ಬರು ಬಿದ್ದು ಯಾರ ಎದೆ ಯಾರದೆಂದು ತಿಳಿಯದು. ಗುರುಬಸಪ್ಪನವರು ಮಧ್ಯಾಹ್ನದವರೆಗೆ ಯೋಚಿಸಿದರು. ಆಮೇಲೆ ಅವರ ಮುಖದಲ್ಲಿ ಸಂಶೋಧಕರ ಬೆಳಕು ಮೂಡಿತು. ಹತ್ತಾರು ಗಂಡಸರು ಒಂದೇ ಸೂರಿನಡಿಯಲ್ಲಿ, ಫ್ಯಾನಿನ ಕೆಳಗೆ, ಕುರ್ಚಿಯ ಮೇಲೆ, ಗಂಟೆಗಟ್ಟಲೆ ಅಲುಗಾಡದೆ ಕೂತಿರುವ ಸ್ಥಳವೊಂದು ಅವರಿಗೆ ಗೊತ್ತಿತ್ತು. ಮಗಳ ಪ್ರವೇಶಪತ್ರಕ್ಕಾಗಿ ಅವರು ಅಲ್ಲಿಗೆ ಎರಡು ಸಲ ಹೋಗಿ, ಎರಡು ಸಲವೂ "ನಾಳೆ ಬನ್ನಿ" ಎನಿಸಿಕೊಂಡು ಬಂದಿದ್ದರು.

ಮಾಗಡಿ ರಸ್ತೆಯ ಆ ಕಚೇರಿಯ ಹೆಸರು ನಮಗೆ ಬೇಡ.

ಮಂಗಳವಾರ ಹತ್ತೂವರೆಗೆ ಗುರುಬಸಪ್ಪನವರು ತಮ್ಮ ಮದುವೆಯ ಕಾಲದ ಮುಚ್ಚುಕೊರಳಿನ ಕರಿ ಕೋಟು ತೊಟ್ಟು, ಹಣೆಗೆ ವಿಭೂತಿ ಧರಿಸಿ, ಕಚೇರಿಯ ಗೋಡೆಬದಿಯ ಬೆಂಚಿನ ಮೇಲೆ ಕುಳಿತರು. ಹಿಂದಿನ ಎರಡು ಸಲ ಅವರು ಕಿಟಕಿಯಿಂದ ಕಿಟಕಿಗೆ ಅಲೆದು ಕೈ ಮುಗಿದಿದ್ದರು. ಯಾರೂ ತಲೆಯೆತ್ತಿ ನೋಡಿರಲಿಲ್ಲ. ಈ ಸಲ ಅವರು ಯಾರನ್ನೂ ಏನೂ ಕೇಳಲಿಲ್ಲ. ಸರ್ಕಾರಿ ಕಚೇರಿಗೆ ಬಂದ ಮನುಷ್ಯ ಏನನ್ನೂ ಕೇಳದೆ ಸುಮ್ಮನೆ ಕೂರುವುದೆಂದರೆ ಏನರ್ಥ? ಜವಾನ ಚಿಕ್ಕಮುನಿಯಪ್ಪ ಮೊದಲು ಬೆಚ್ಚಿದ್ದು ಅಲ್ಲಿ.

ಕಾಲ ಬೇರೆ ತುರ್ತು ಪರಿಸ್ಥಿತಿಯದು. ಸಮಯಪಾಲನೆಯ ಭಿತ್ತಿಪತ್ರಗಳು ಗೋಡೆಗೋಡೆಯ ಮೇಲೆ. ತಡವಾಗಿ ಬಂದವರನ್ನು ಅಲ್ಲಿ ಹಿಡಿದರಂತೆ, ಇಲ್ಲಿ ಮನೆಗೆ ಕಳಿಸಿದರಂತೆ ಎಂಬ ಸುದ್ದಿ ದಿನಕ್ಕೆರಡು. ಇಂಥ ದಿನಗಳಲ್ಲಿ ಕರಿ ಕೋಟಿನ ಒಬ್ಬ ಗಂಭೀರ ವ್ಯಕ್ತಿ ಮೂಲೆಯ ಮೇಜಿನ ನಾರಾಯಣಪ್ಪನವರನ್ನು ಎವೆಯಿಕ್ಕದೆ ನೋಡಿ, ಗಡಿಯಾರವನ್ನು ನೋಡಿ, ಮತ್ತೆ ನಾರಾಯಣಪ್ಪನವರನ್ನು ನೋಡಿ, ಸರಿಯಾಗಿ ಒಂದು ನಿಮಿಷದ ಮೇಲೆ ನೋಟುಬುಕ್ಕಿನಲ್ಲಿ ಏನನ್ನೋ ಬರೆದುಕೊಂಡರೆ?

ಚಿಕ್ಕಮುನಿಯಪ್ಪ ನೀರಿನ ಲೋಟ ಹಿಡಿದು ಬೆಂಚಿನ ಹಿಂದಿನಿಂದ ಸುಳಿದು, ಬಗ್ಗಿ ನೋಡಿ, ಮೂಲೆಯ ಮೇಜಿಗೆ ಬಂದ.

"ಸಾರ್, ಕೆಟ್ವಿ. ಅದ್ಯಾರೋ ಎಲ್ಲಾ ಬರ್ಕೊಂತಾವ್ರೆ. 'ಮೂಲೆ ಮೇಜು, ಹದಿನೆಂಟು. ಕಿಟಕಿ ಮೇಜು, ಇಪ್ಪತ್ತು.'"

ನಾರಾಯಣಪ್ಪನವರ ಪೆನ್ನು ನಿಂತಿತು. "ಹದಿನೆಂಟಾ? ನಾನಿವತ್ತು ಎಷ್ಟು ಗಂಟೆಗೆ ಬಂದೆ ಮುನಿಯಪ್ಪಾ?"

"ಹತ್ತೂ ಕಾಲು ದಾಟಿತ್ತು ಸಾರ್."

"ಹತ್ತೂ ಹದಿನೆಂಟು!" ನಾರಾಯಣಪ್ಪನವರ ಹಣೆಯಲ್ಲಿ ಬೆವರು ಮೂಡಿತು. "ನಿಮಿಷ ನಿಮಿಷಕ್ಕೂ ಬರ್ದಿದಾನಲ್ಲಯ್ಯಾ! ಬಾಗಿಲ ಹತ್ರ ಯಾವಾಗ ನಿಂತಿದ್ದ ಇವನು?"

ಸುದ್ದಿ ಮೇಜಿನಿಂದ ಮೇಜಿಗೆ ಕಾಗದದ ಸದ್ದಿಲ್ಲದೆ ಹರಿಯಿತು. ಆ ಕಚೇರಿಯ ಚರಿತ್ರೆಯಲ್ಲಿ ಯಾವ ಕಡತವೂ ಅಷ್ಟು ವೇಗವಾಗಿ ಹರಿದಿರಲಿಲ್ಲ. ಮರುಗಳಿಗೆಯಲ್ಲಿ ಹನ್ನೊಂದು ತಲೆಗಳು ಹನ್ನೊಂದು ಕಡತಗಳ ಮೇಲೆ ಬಗ್ಗಿದವು. ಟೈಪ್‌ರೈಟರುಗಳು ಗಟ್ಟಿಮೇಳದಂತೆ ಮೊಳಗಿದವು.

ಗುರುಬಸಪ್ಪನವರು ಕಳವಳಗೊಂಡರು. ಹದಿನೆಂಟಿದ್ದ ಮೂಲೆ ಮೇಜು ಈಗ ಮೂವತ್ತು. ಇಪ್ಪತ್ತಿದ್ದ ಕಿಟಕಿ ಮೇಜು ಮೂವತ್ತನಾಲ್ಕು. ಯಾರೂ ವಿಶ್ರಾಂತಿಯಲ್ಲಿಲ್ಲ! ಹೀಗಾದರೆ ಮಗಳ ದಾಖಲೆ ಕೆಟ್ಟುಹೋಗುತ್ತದೆ. ಅವರು ಎದ್ದು ನಿಂತು, ತಮ್ಮಿಂದಾದಷ್ಟು ಮೃದುವಾಗಿ ವಿನಂತಿಸಿಕೊಂಡರು.

"ದಯವಿಟ್ಟು ಯಾರೂ ಕೆಲಸ ಮಾಡಬೇಡಿ. ದಿನಾ ಹೇಗಿರ್ತೀರೋ ಹಾಗೇ ಇರಿ. ನನಗೆ ಅದೇ ಬೇಕಾಗಿರೋದು."

ಇಡೀ ಕಚೇರಿ ತಣ್ಣಗಾಯಿತು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಇಷ್ಟು ನಯವಾಗಿ ಇರಿಯುವವನು ಎಷ್ಟು ದೊಡ್ಡ ಅಧಿಕಾರಿಯಾಗಿರಬೇಡ? ಟೈಪಿಸ್ಟು ಹುಡುಗಿ ಅಳಲು ಶುರುಮಾಡಿದಳು.

ಒಳಗಿನ ಕೋಣೆಯಿಂದ ಸೂಪರಿಂಟೆಂಡೆಂಟ್ ಲಕ್ಷ್ಮೀಪತಿ ಓಡಿಬಂದರು. ಗುರುಬಸಪ್ಪನವರನ್ನು ಕೈ ಹಿಡಿದು ಒಳಗೆ ಕರೆದೊಯ್ದು ತಮ್ಮ ಕುರ್ಚಿಯ ಮೇಲೆಯೇ ಕೂರಿಸಿದರು. ವಡೆ ಬಂತು, ಕಾಫಿ ಬಂತು.

"ಸಾರ್, ತಾವು ಯಾವ ಇಲಾಖೆಯಿಂದ…?"

"ಹೇಳೋ ಹಾಗಿಲ್ಲ," ಎಂದರು ಗುರುಬಸಪ್ಪನವರು, ನಿಯಮವನ್ನು ನೆನೆದು. "ಹೇಳಿದ್ರೆ ನೀವು ಹುಷಾರಾಗಿಬಿಡ್ತೀರಿ. ಲೆಕ್ಕ ತಪ್ಪುತ್ತೆ."

"ನಿಜ ಸಾರ್, ನಿಜ. ಮೇಲಿನವರು ಎಷ್ಟು ಜನರದ್ದು ಕೇಳಿದಾರೆ ಸಾರ್?"

"ಮೂವತ್ತು. ಶುಕ್ರವಾರದೊಳಗೆ. ಬಹಳ ಕಟ್ಟುನಿಟ್ಟು ಆಕೆ."

'ಆಕೆ' ಎಂಬ ಮಾತು ಕೇಳಿ ಲಕ್ಷ್ಮೀಪತಿಯವರು ಮೇಜಿನ ಅಂಚನ್ನು ಹಿಡಿದುಕೊಂಡರು. ಅವರ ಕಲ್ಪನೆ ಎಲ್ಲಿಯವರೆಗೆ ಹೋಯಿತೆಂಬುದನ್ನು ಇಲ್ಲಿ ಬರೆಯುವುದು ಕ್ಷೇಮವಲ್ಲ.

"ಎಷ್ಟಾಗಿದೆ ಸಾರ್ ಇಲ್ಲಿಯವರೆಗೆ?"

"ಹದಿನೆಂಟು ಮೊದಲೇ ಆಗಿತ್ತು. ನಿನ್ನೆ ಒಂದು. ಬಾಕಿ ಹನ್ನೊಂದನ್ನ ಇಲ್ಲೇ ಮುಗಿಸಿಬಿಡೋಣ ಅಂತ ಬಂದೆ."

ಕಚೇರಿಯ ಸಿಬ್ಬಂದಿ ಸರಿಯಾಗಿ ಹನ್ನೊಂದು ಜನ. "ಸಾರ್," ಎಂದರು ಲಕ್ಷ್ಮೀಪತಿ, ದನಿ ತಗ್ಗಿಸಿ, "ಪಕ್ಕದ ಕಟ್ಟಡದಲ್ಲೂ ಒಂದು ಆಫೀಸಿದೆ. ಅಲ್ಲಿ ಹನ್ನೊಂದೂವರೆವರೆಗೆ ಬೀಗಾನೇ ತೆಗೆಯಲ್ಲ. ಅಲ್ಲಿಗೆ ಹೋದ್ರೆ ಮೂವತ್ತಲ್ಲ, ಅರವತ್ತು ಸಿಗ್ತಾರೆ. ನಾನೇ ಕರ್ಕೊಂಡು ಹೋಗ್ತೀನಿ. ತಮಗೆ ನಮ್ಮಿಂದ ಬೇರೇನಾದ್ರೂ ಆಗಬೇಕಿದ್ರೆ ಹೇಳಿ ಸಾರ್, ಸಂಕೋಚ ಬೇಡ."

"ಏನಿಲ್ಲ. ನಮ್ಮ ಹುಡುಗಿ ನೀಲಗಂಗಾ ಅಂತ, ಅವಳ ಪ್ರವೇಶಪತ್ರ ಒಂದು ಬಾಕಿ ಇದೆ. ನಾಳೆ ಬನ್ನಿ ಅಂದಿದ್ರು. ಹಾಗಾಗಿ ಬಂದೆ."

"ನಾಳೆ ಬನ್ನಿ ಅಂದವನು ಯಾರ್ರೀ ಅವ್ನು!" ಎಂದು ಲಕ್ಷ್ಮೀಪತಿ ಕಿರುಚಿದರು. ಅಂದವರು ಅವರೇ.

ಪ್ರವೇಶಪತ್ರ ನಾಲ್ಕು ನಿಮಿಷದಲ್ಲಿ ಬಂತು. ಅದನ್ನು ಜೇಬಿನಲ್ಲಿಟ್ಟುಕೊಂಡು ಗುರುಬಸಪ್ಪನವರು ದೇಶ ನಿಜಕ್ಕೂ ಸುಧಾರಿಸುತ್ತಿದೆಯೆಂದು ಹರ್ಷಿಸುತ್ತ ಮನೆಗೆ ನಡೆದರು. ಮನೆಯ ವಿಳಾಸ ಪ್ರವೇಶಪತ್ರದ ಅರ್ಜಿಯಲ್ಲಿತ್ತೆಂಬುದು ಅವರಿಗೆ ಹೊಳೆಯಲಿಲ್ಲ. ಲಕ್ಷ್ಮೀಪತಿಯವರಿಗೆ ಹೊಳೆಯಿತು.

ಬುಧವಾರ ಬೆಳಿಗ್ಗೆ ಎಂಟು ಗಂಟೆಗೆ ವಠಾರದ ಮುಂದೆ ಎರಡು ಆಟೋರಿಕ್ಷಾ ನಿಂತವು. ಲಕ್ಷ್ಮೀಪತಿ, ನಾರಾಯಣಪ್ಪ ಮತ್ತು ಚಿಕ್ಕಮುನಿಯಪ್ಪ ಸೇಬಿನ ಬುಟ್ಟಿ ಹಿಡಿದು ಇಳಿದರು. ಜಗುಲಿಯ ಮೇಲೆ ಹಲ್ಲುಜ್ಜುತ್ತಿದ್ದ ಗುರುಬಸಪ್ಪನವರಿಗೆ ಮೂವರೂ ಅಂಗಳದ ನಡುವೆಯೇ ಕೈ ಮುಗಿದು ನಿಂತರು.

"ಹದಿನೆಂಟನ್ನ ಹತ್ತಕ್ಕಿಳಿಸಿ ಸಾರ್," ಎಂದರು ನಾರಾಯಣಪ್ಪ, ಗದ್ಗದರಾಗಿ.

"ಅದು ಹೇಗ್ರೀ ಆಗುತ್ತೆ? ಹತ್ತು ಅಂದ್ರೆ ನೀವು ಬದುಕಿರೋದೇ ಕಷ್ಟ!" ಎಂದರು ಗುರುಬಸಪ್ಪನವರು, ಬಾಯ ತುಂಬ ಹಲ್ಲುಪುಡಿ ಇಟ್ಟುಕೊಂಡೇ.

ನಾರಾಯಣಪ್ಪ ಅಲ್ಲೇ ಕುಸಿದು ಕುಳಿತರು.

ಆರು ಮನೆಗಳ ಕಿಟಕಿಗಳೂ ಇದನ್ನು ನೋಡಿದವು. ಲೈಸೆನ್ಸಿಲ್ಲದ ರೇಡಿಯೋ ಇಟ್ಟುಕೊಂಡಿದ್ದ ಕೃಷ್ಣಯ್ಯ ಅದನ್ನು ಅಕ್ಕಿಯ ಡಬ್ಬಿಯಲ್ಲಿ ಹೂತರು. ಇಂದ್ರಮ್ಮನವರ ಮುಖದ ಕೆಂಪು ಇಳಿದುಹೋಯಿತು. "ಅಯ್ಯೋ ಶಿವನೇ! ಇಪ್ಪತ್ತೆರಡು ಅಂದಿದ್ದು ವಯಸ್ಸಲ್ಲ ಕಣೇ ಶಿವಕ್ಕಾ, ನಾನು ಸರದಿ ತಪ್ಪಿಸಿ ಹಿಡಿದ ಬಿಂದಿಗೆ! ಮನೆಗೆ ಆರೇ ಅಲ್ವಾ ಲೆಕ್ಕ? ನಿಮ್ಮೆಜಮಾನ್ರಿಗೆ ಹೇಳೇ, ನಾಳೆಯಿಂದ ಐದೇ ಹಿಡೀತೀನಿ!"

ಆದರೆ ಎಲ್ಲರಿಗಿಂತ ಅಪಾಯಕಾರಿಯಾಗಿ ಬದಲಾದವರು ರೇವಣಸಿದ್ದಪ್ಪ. ಬಂದವರು ಹೋದ ಮೇಲೆ ಅವರು ಸೇಬೊಂದನ್ನು ಪಂಚೆಗೆ ಒರೆಸಿಕೊಳ್ಳುತ್ತ ಭಾವನ ಪಕ್ಕ ಬಂದು ಕುಳಿತರು.

"ಇಷ್ಟು ದಿವಸ ನಟ್ಟು ಬೋಲ್ಟು ಅಂತ ನಮಗೂ ಹೇಳಿ ನಂಬಿಸಿದ್ರಲ್ರೀ! ಗುಪ್ತ ಅಧಿಕಾರಿ! ಭಲೇ ಇದೀರಿ ಬಿಡ್ರಿ. ಇನ್ನ ಒಂದು ಮಾತು ಕೇಳ್ರಿ. ಇಂಥ ಅಧಿಕಾರಿ ಮಗಳು ಆಸ್ಪತ್ರ್ಯಾಗ ಕಂಡೋರ ಕೈ ಹಿಡ್ದು ನಾಡಿ ನೋಡೋದು ಶೋಭಾ ಅಲ್ಲ. ಪರೀಕ್ಷಿ ಗಿರೀಕ್ಷಿ ಬ್ಯಾಡ. ವರನ ಕಡೇರಿಗೆ ಇವತ್ತೇ ತಂತಿ ಕೊಡ್ತೀನಿ, ಭಾನುವಾರ ಬಂದು ನೋಡ್ಕೊಂಡ್ ಹೋಗ್ಲಿ."

"ಭಾವಾ, ನಾನು ಅಧಿಕಾರಿ ಅಲ್ಲ!"

"ಹೌದ್ರಿ, ಹೌದ್ರಿ. ಗುಪ್ತ ಅಂದ್ಮ್ಯಾಗ ಹಂಗೇ ಹೇಳ್ಬೇಕಲ್ಲ," ಎಂದು ರೇವಣಸಿದ್ದಪ್ಪ ಕಣ್ಣು ಮಿಟುಕಿಸಿದರು.

ನೀಲಗಂಗಾ ಆಗ ಒಳಗಿನಿಂದ ನೋಟುಬುಕ್ಕು ಹಿಡಿದು ಬಂದಳು. ಅವಳ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಬೆಂಕಿಯಿತ್ತು. "ಅಪ್ಪಾ, ಏನಿದು? ಮೂವತ್ತು, ಮೂವತ್ತನಾಲ್ಕು, ಮೂವತ್ತಾರು? ಇವರೆಲ್ಲ ಕೂತಿದ್ರಾ, ನಿಮ್ಮನ್ನ ನೋಡಿ ಓಡ್ತಿದ್ರಾ?"

"ಕೂತೇ ಇದ್ರಮ್ಮಾ. ಆದ್ರೆ ಯಾಕೋ ಎಲ್ಲರಿಗೂ ಒಟ್ಟಿಗೆ ಗಾಬರಿ ಆಯ್ತು."

"ನನ್ನ ಹದಿನೆಂಟನ್ನೇ ತಗೊಂಡು ಹೋಗ್ತೀನಿ. ಸಿಸ್ಟರ್ ಬೈದ್ರೆ ಬೈಸ್ಕೋತೀನಿ. ಮದುವೆ ಅಂದ್ರೆ ಮದುವೆ, ಇನ್ನೇನ್ ಮಾಡ್ಲಿ?" ಎಂದು ಅವಳು ಅಪ್ಪ ಬರೆದ ಹನ್ನೆರಡು ಸಾಲುಗಳ ಮೇಲೂ ಅಡ್ಡಗೆರೆ ಎಳೆದಳು. ಗುರುಬಸಪ್ಪನವರು ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ತಮ್ಮ ಎಣಿಕೆ ತಿರಸ್ಕೃತವಾದದ್ದನ್ನು ಕಂಡು, ಹಲ್ಲುಪುಡಿಯನ್ನು ಉಗುಳುವುದನ್ನೂ ಮರೆತು ನುಂಗಿದರು.

ಶುಕ್ರವಾರ ಬೆಳಿಗ್ಗೆ ನೀಲಗಂಗಾ ಬಿಳಿ ಸಮವಸ್ತ್ರ ತೊಟ್ಟು ಬಸ್ಸು ಹತ್ತಿ ಹೋದ ಮೇಲೆ, ಗುರುಬಸಪ್ಪನವರಿಗೆ ರಸ್ತೆಯ ತಿರುವಿನಲ್ಲಿ ಲಕ್ಷ್ಮೀಪತಿ ಎದುರಾದರು. ಅವರ ಮುಖದಲ್ಲಿ ಉಪಕಾರ ಮಾಡಿದವರ ಹೊಳಪಿತ್ತು.

"ಸಾರ್, ಯೋಚನೆ ಬಿಡಿ. ಆಸ್ಪತ್ರೆಗೆ ನಾನೇ ಒಂದು ಚೀಟಿ ಕಳಿಸಿದೀನಿ. 'ಈ ಅಭ್ಯರ್ಥಿಯ ತಂದೆ ವಿಶೇಷ ಕರ್ತವ್ಯದಲ್ಲಿರುವವರು, ಗಮನಿಸುವುದು' ಅಂತ. ನೇರ ಪರೀಕ್ಷಕರ ಕೈಗೇ. ಕಮಲಾಕ್ಷಮ್ಮ ಅಂತ ಯಾರೋ."

ಕಮಲಾಕ್ಷಮ್ಮ ಸಿಸ್ಟರಿಗೆ ಶಿಫಾರಸು ಚೀಟಿ! ಯಾರಾದರೂ ಶಿಫಾರಸು ತಂದರೆ ಅವರ ಅಂಕಗಳನ್ನು ಆಕೆ ಕುಂಬಳಕಾಯಿ ಹೆಚ್ಚಿದಂತೆ ಹೆಚ್ಚುತ್ತಾರೆಂದು ನೀಲಗಂಗಾ ನೂರು ಸಲ ಹೇಳಿದ್ದಳು. ಗುರುಬಸಪ್ಪನವರು ಮನೆಗೆ ಓಡಿದರು. ಕೋಟಿನ ಗುಂಡಿ ಹಾಕಿಕೊಳ್ಳುತ್ತ ಸೈಕಲ್ ಏರಿದರು. ತಿಂಡಿ ತಿಂದಿರಲಿಲ್ಲ, ಚಪ್ಪಲಿ ಒಂದು ಶಿವಕ್ಕನದು.

ಆಸ್ಪತ್ರೆಯ ಗಂಡಸರ ವಾರ್ಡಿನ ಬಾಗಿಲಲ್ಲಿ ಅವರು ಏದುಸಿರು ಬಿಡುತ್ತ ನಿಂತಾಗ, ಕಮಲಾಕ್ಷಮ್ಮ ಸಿಸ್ಟರ್ ಆ ಚೀಟಿಯನ್ನು ಕೈಯಲ್ಲಿ ಹಿಡಿದೇ ನಿಂತಿದ್ದರು. ಗಂಜಿ ಹಾಕಿದ ಟೋಪಿ, ಗಂಜಿ ಹಾಕಿದಂಥ ಮುಖ. ಮುಂದೆ ತಲೆ ತಗ್ಗಿಸಿ ನೀಲಗಂಗಾ.

"ಸಿಸ್ಟರ್!" ಎಂದರು ಗುರುಬಸಪ್ಪನವರು. "ನಾನು ಯಾರೂ ಅಲ್ಲ!"

"ಯಾರೂ ಅಲ್ಲದವರು ವಾರ್ಡಿಗೆ ಬರಬಾರದು. ಹೊರಗೆ ನಡೀರಿ."

"ನಾನು ಇವಳಪ್ಪ. ವಿಶೇಷ ಕರ್ತವ್ಯ ಸುಳ್ಳು. ಸ್ಟೋರ್ ಕೀಪರು. ನಾರಾಯಣಪ್ಪನವರು ಹದಿನೆಂಟು, ಆದ್ರೆ ಅದು ನಿಮಿಷಕ್ಕೆ, ತಡವಾಗಿ ಅಲ್ಲ. ಇಂದ್ರಮ್ಮನವರ ಬಿಂದಿಗೆ ನಾನು ಎಣಿಸಿದ್ದೇ ಇಲ್ಲ. ಯಾರಿಗೂ ತಿಳೀಬಾರದು ಅಂತ ನೀವೇ ಹೇಳಿದ್ರಲ್ಲ, ಅದಕ್ಕೆ ನಾನು ಹೇಳ್ಲಿಲ್ಲ, ಅದಕ್ಕೇ ಅವರು ಸೇಬು ತಂದ್ರು…"

ಸಿಸ್ಟರ್ ಈ ಹೇಳಿಕೆಯನ್ನು ಕೊನೆಯವರೆಗೂ ಕೇಳಿದರು. ಎರಡು ಪ್ರಶ್ನೆ ಕೇಳಿ ಇಡೀ ವೃತ್ತಾಂತವನ್ನು ಬಿಡಿಸಿಕೊಂಡರು. ಅವರ ತುಟಿಯ ಒಂದು ತುದಿ ಅಲುಗಿತೆಂದು ಪಕ್ಕದ ಹಾಸಿಗೆಯ ರೋಗಿ ಆಮೇಲೆ ಪ್ರಮಾಣ ಮಾಡಿ ಹೇಳುತ್ತಿದ್ದನಂತೆ. ಆದರೆ ದನಿ ಮಾತ್ರ ಬದಲಾಗಲಿಲ್ಲ.

"ಅಂದ್ರೆ ಉಸಿರು ಎಣಿಸೋ ವಿಷಯ ನಿಮಗೆ ಪೂರ್ತಿ ಗೊತ್ತು."

"ಪೂರ್ತಿ ಗೊತ್ತು ಸಿಸ್ಟರ್!"

"ಒಳ್ಳೇದು. ಏನೂ ಗೊತ್ತಿಲ್ಲದ ರೋಗಿಯ ಉಸಿರನ್ನ ಯಾರು ಬೇಕಾದ್ರೂ ಎಣಿಸ್ತಾರೆ. ಇಂಥ ಚೀಟಿ ಬಂದ ಮೇಲೆ ಈ ವಾರ್ಡಿನವರಿಗೆ ಯಾರ್ಯಾರು ಏನೇನು ಹೇಳಿಟ್ಟಿದಾರೋ ನನಗೆ ಗೊತ್ತಿಲ್ಲ. ಏಳನೇ ಮಂಚ ಖಾಲಿ ಇದೆ, ಮಲಗಿ. ನೀಲಗಂಗಾ, ಇವತ್ತು ನಿನ್ನ ರೋಗಿ ಇವರೇ. ನೋಡು, ಆರೈಕೆ ಮಾಡು, ವರದಿ ಕೊಡು. ಅರ್ಧ ಗಂಟೆ."

ನೀಲಗಂಗಾಳ ಮುಖ ಬಿಳಿಚಿತು. ಪ್ರಪಂಚದಲ್ಲಿ ಉಸಿರಿನ ವಿಷಯವನ್ನು ಮರೆಯಲಾರದ ಒಬ್ಬನೇ ರೋಗಿ ಅವಳ ಮುಂದೆ ಮದುವೆಯ ಕೋಟು ತೊಟ್ಟು ಮಲಗಿದ್ದ.

ಅವಳು ಕೋಟಿನ ಗುಂಡಿಗಳನ್ನು ಬಿಚ್ಚಿದಳು. ಬೆನ್ನಿಗೆ ಎರಡು ದಿಂಬು ಕೊಟ್ಟು ಒರಗಿಸಿದಳು. ಮುಖದ ಬೆವರೊರೆಸಿದಳು, ಕಾಯಿಸಿ ಆರಿಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು, ಉಗುರು, ತುಟಿ, ಕಣ್ಣು ನೋಡಿದಳು, ಜ್ವರ ನೋಡಿದಳು. ಹದಿನೈದು ನಿಮಿಷ ಸುಮ್ಮನೆ ಮಲಗಲು ಬಿಟ್ಟು, ಆಮೇಲೆ ಕೈ ಹಿಡಿದಳು.

ಕೈ ಹಿಡಿದದ್ದೇ ತಡ, ಗುರುಬಸಪ್ಪನವರು ಮಗಳಿಗೆ ಸಹಾಯ ಮಾಡಲು ನಿರ್ಧರಿಸಿದರು. ಆರೋಗ್ಯವಂತನಿಗೆ ಹದಿನಾರರಿಂದ ಇಪ್ಪತ್ತು ಎಂದು ಪುಸ್ತಕ ಹೇಳುತ್ತದೆ. ನಡುವಿನ ಹದಿನೆಂಟನ್ನು ಕೊಟ್ಟುಬಿಡೋಣವೆಂದು ಅಳತೆ ಮಾಡಿ ಉಸಿರೆಳೆದರು. ಐದನೆಯದಕ್ಕೆ ಲೆಕ್ಕ ತಪ್ಪಿತು. ಸರಿದೂಗಿಸಲು ಮೂರನ್ನು ಒಟ್ಟಿಗೆ ಬಿಟ್ಟರು. ಆಮೇಲೆ ಹೆಚ್ಚಾಯಿತೆಂದು ಉಸಿರು ಹಿಡಿದರು. ಕಣ್ಣು ಮೇಲಕ್ಕೆ ಹೋಯಿತು.

ಅಷ್ಟರಲ್ಲಿ ನಾಡಿ ಎಣಿಸಿ ಮುಗಿಸಿದ್ದರೂ ನೀಲಗಂಗಾ ಕೈ ಬಿಡಲಿಲ್ಲ. ದಿಂಬು ಸರಿಪಡಿಸುವ ನೆಪದಲ್ಲಿ ಬಗ್ಗಿ ಅವರ ಕಿವಿಯ ಹತ್ತಿರ ಪಿಸುಗುಟ್ಟಿದಳು.

"ಅಪ್ಪಾ, ನನ್ನ ಪಟ್ಟಿಗೆ ಇನ್ನೂ ಹನ್ನೆರಡು ಕಮ್ಮಿ ಇದೆ. ನಾನು ನಿಮ್ಮ ನಾಡಿ ನೋಡೋ ಹೊತ್ತಿಗೆ ನೀವು ಸಿಸ್ಟರದ್ದು ಎಣಿಸಿಬಿಡಿ. ಕೈ ಬಿಟ್ಟಾಗ ನಿಲ್ಲಿಸಿ. ಅವರಿಗೆ ಗೊತ್ತಾಗಬಾರದು."

ಗುರುಬಸಪ್ಪನವರ ಕಣ್ಣು ಅರಳಿತು. ತಿರಸ್ಕೃತನಾದ ಎಣಿಕೆಗಾರನಿಗೆ ಮತ್ತೆ ಉದ್ಯೋಗ ಸಿಕ್ಕಿತ್ತು! ಅವರು ಮಂಚದ ಬುಡದಲ್ಲಿ ನಿಂತಿದ್ದ ಕಮಲಾಕ್ಷಮ್ಮ ಸಿಸ್ಟರ್ ಅವರ ಬಿಳಿಯ ಸಮವಸ್ತ್ರದ ಏರಿಳಿತದಲ್ಲಿ ಮುಳುಗಿಹೋದರು. ತಮಗೊಂದು ಎದೆಯಿದೆ, ಅದೂ ಏರಿಳಿಯುತ್ತಿದೆ ಎಂಬುದೇ ಅವರಿಗೆ ಮರೆತುಹೋಯಿತು.

ಒಂದು ನಿಮಿಷದ ಮೇಲೆ ನೀಲಗಂಗಾ ಕೈ ಬಿಟ್ಟಳು.

"ಸಿಸ್ಟರ್, ಜ್ವರ ಇಲ್ಲ. ನಾಡಿ ತೊಂಬತ್ತೆರಡು. ಉಸಿರು ಇಪ್ಪತ್ತನಾಲ್ಕು, ಕ್ರಮವಾಗಿದೆ, ಆಳ ಸ್ವಲ್ಪ ಕಮ್ಮಿ. ಸೈಕಲ್ ತುಳಿದ ಆಯಾಸ, ಅದರ ಮೇಲೆ ಹೆದರಿಕೆ. ತುಟಿ ಒಣಗಿದೆ, ಹೊಟ್ಟೆ ಕೂಗ್ತಿದೆ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಕಾಯಿಲೆ ಇಲ್ಲ. ಗಂಜಿ ಕೊಟ್ಟು ಮತ್ತೆ ಅರ್ಧ ಗಂಟೆ ಬಿಟ್ಟು ನೋಡಬೇಕು."

"ನಾನೂ ಎಣಿಸಿದೆ," ಎಂದರು ಸಿಸ್ಟರ್ ನಿಧಾನವಾಗಿ. "ಇಪ್ಪತ್ತನಾಲ್ಕೇ. ಮೊದಲು ಅಷ್ಟು ಕುಣೀತಿದ್ದ ಎದೆ ಇದ್ದಕ್ಕಿದ್ದ ಹಾಗೆ ನೆಟ್ಟಗಾಯ್ತು. ಹೇಗೆ ಮರೆಸಿದೆ?"

ನೀಲಗಂಗಾ ನೆಲ ನೋಡಿದಳು. ಉತ್ತರ ಮಂಚದಿಂದ ಬಂತು.

"ಸಿಸ್ಟರ್, ತಮ್ಮದು ಇಪ್ಪತ್ತೆಂಟು."

ವಾರ್ಡಿನಲ್ಲಿ ಸ್ಪಿರಿಟ್ಟಿನ ವಾಸನೆ ಕೂಡ ಅಲುಗದೆ ನಿಂತಿತು. ನೀಲಗಂಗಾ ಕಣ್ಣು ಮುಚ್ಚಿಕೊಂಡಳು. ಅವಳಿಗೆ ದಾವಣಗೆರೆಯ ಓಲಗ ಕೇಳಿಸಿತು.

"ಸ್ವಲ್ಪ ಹೆಚ್ಚೇ ಸಿಸ್ಟರ್," ಎಂದು ಗುರುಬಸಪ್ಪನವರು ಕಳಕಳಿಯಿಂದ ಮುಂದುವರಿಸಿದರು. "ಬೆಳಿಗ್ಗೆಯಿಂದ ತಾವು ಒಂದು ಗಳಿಗೆನೂ ಕೂತಿಲ್ಲ ಅಂತ ಕಾಣುತ್ತೆ."

ಕಮಲಾಕ್ಷಮ್ಮ ಸಿಸ್ಟರ್ ಬೆಳಿಗ್ಗೆ ಆರರಿಂದ ನಿಂತಿದ್ದರು. ಇಪ್ಪತ್ತಾರು ವರ್ಷದ ಕೆಲಸದಲ್ಲಿ ರೋಗಿಗಳು ಅವರನ್ನು ಔಷಧಿ ಕೇಳಿದ್ದರು, ನೀರು ಕೇಳಿದ್ದರು, ಮನೆಗೆ ಬಿಡಿ ಎಂದು ಕೇಳಿದ್ದರು. ಈ ಮಾತು ಯಾರೂ ಕೇಳಿರಲಿಲ್ಲ. ನೀಲಗಂಗಾ ಸದ್ದಿಲ್ಲದೆ ಸ್ಟೂಲನ್ನು ಅವರ ಹಿಂದೆ ತಂದಿಟ್ಟಳು. ಸಿಸ್ಟರ್ ಒಂದು ಕ್ಷಣ ತಡೆದು, ಕುಳಿತರು. ಆಮೇಲೆ ಮಡಿಲಿನ ಮೇಲೆ ಹಾಳೆಯಿಟ್ಟುಕೊಂಡು ಬಹಳ ಹೊತ್ತು ಬರೆದರು.

"ಪಾಸಾಗಿದೀಯ," ಎಂದರು. "ಆದ್ರೆ ಪಟ್ಟಿ ಪೂರ್ತಿ ಆಗಿಲ್ಲ. ಇಲ್ಲಿ ಆದ ಎರಡನ್ನ ಸೇರಿಸ್ಕೋ, ಇಪ್ಪತ್ತಾಯ್ತು. ಬಾಕಿ ಹತ್ತನ್ನ ಸೋಮವಾರದೊಳಗೆ ತಂದು ಒಪ್ಪಿಸು. ನೀನೇ ಎಣಿಸಬೇಕು. ಇವರನ್ನ ಎಲ್ಲಿಗೂ ಕಳಿಸಬೇಡ."

ಗುರುಬಸಪ್ಪನವರು ಆಗಲೇ ಪಕ್ಕದ ಹಾಸಿಗೆಯವನ ಎದೆಯನ್ನು ನೋಡುತ್ತಿದ್ದರು.

ಸಂಜೆ ವಠಾರಕ್ಕೆ ಸುದ್ದಿ ಮುಟ್ಟಿತು. ಕೃಷ್ಣಯ್ಯ ಅಕ್ಕಿಯ ಡಬ್ಬಿಯಿಂದ ರೇಡಿಯೋ ತೆಗೆದು ಕಾಳು ಉದುರಿಸಿಕೊಂಡರು. ಇಂದ್ರಮ್ಮ, ಹಾಗಿದ್ದರೆ ಇಪ್ಪತ್ತೆರಡು ವಯಸ್ಸೇ ಇರಬೇಕೆಂದು ಮತ್ತೆ ನಂಬತೊಡಗಿದರು. ರೇವಣಸಿದ್ದಪ್ಪನವರು ಮಾತ್ರ ಮಂಚದ ಮೇಲೆ ಸಿಡಿಮಿಡಿಗುಟ್ಟುತ್ತ ಕೂತಿದ್ದರು. ಭಾವ ಅಧಿಕಾರಿಯಲ್ಲ, ಹುಡುಗಿ ನಪಾಸಲ್ಲ, ತಂತಿ ಮಾತ್ರ ಹೋಗಿಯಾಗಿತ್ತು.

"ಪಾಸಾದ್ರ ಬಾಯಿ ಮುಚ್ಕೋತೀನಿ ಅಂದಿದ್ದೆ, ಹೌದು. ಆದ್ರ ಪಟ್ಟಿ ಇನ್ನೂ ಬಾಕಿ ಐತಿ ಅಂದ್ಮ್ಯಾಗ ಅದು ಪೂರ್ತಿ ಪಾಸು ಹೆಂಗ ಆತು? ಭಾನುವಾರ ಅವರು ಬರ್ಲಿ, ನೋಡ್ಲಿ, ಮಾತಾಡಿದ್ರ ತಪ್ಪೇನು? ಹುಡುಗ ಬಂಗಾರದಂಥೋನು. ಶಿವಕ್ಕಾ, ನೀನಾದ್ರೂ ಹೇಳು…"

ನೀಲಗಂಗಾ ಪಕ್ಕದಲ್ಲಿ ಬಂದು ಕುಳಿತಳು. "ಮಾವ, ಯಾಕೋ ಮುಖ ಬಾಡಿದೆ. ಎಲ್ಲಿ, ಕೈ ಕೊಡಿ."

ರೇವಣಸಿದ್ದಪ್ಪ ಮಾತು ನಿಲ್ಲಿಸಿದರು. ಮನೆಯಲ್ಲಿ ಅವರ ಮುಖವನ್ನು ಯಾರಾದರೂ ಹೀಗೆ ನೋಡಿ ಎಷ್ಟು ಕಾಲವಾಗಿತ್ತೋ. ಅವರು ಮಂಚದ ಮೇಲೆ ಹಿಂದಕ್ಕೊರಗಿ ತೋಳು ಚಾಚಿದರು. ಹುಡುಗಿಯ ತಣ್ಣನೆಯ ಬೆರಳುಗಳು ಮಣಿಕಟ್ಟಿನ ಮೇಲೆ ಕೂತವು. ಅವಳು ಗಡಿಯಾರ ನೋಡಿದಳು. ಒಂದು ನಿಮಿಷ. ಬೆರಳು ತೆಗೆಯದೆ, ಇನ್ನೂ ಒಂದು ನಿಮಿಷ.

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಗುರುಬಸಪ್ಪನವರಿಗೆ ಎಲ್ಲವೂ ಅರ್ಥವಾಯಿತು. ಅವರು ಬಾಯಿ ತೆರೆದರು. ಶಿವಕ್ಕ ಆ ಬಾಯಿಗೆ ರೊಟ್ಟಿಯ ತುಂಡೊಂದನ್ನು ತುರುಕಿದರು.

"ಹೆಂಗೈತಿ?" ಎಂದರು ರೇವಣಸಿದ್ದಪ್ಪ, ಕಣ್ಣು ಅರ್ಧ ಮುಚ್ಚಿ.

"ಚೆನ್ನಾಗಿದೆ ಮಾವ. ಸ್ವಲ್ಪ ದಣಿವು ಅಷ್ಟೇ. ಭಾನುವಾರ ಎಲ್ಲೂ ಓಡಾಡಬೇಡಿ, ಯಾರನ್ನೂ ಕರೆಸಿ ಮಾತಾಡಬೇಡಿ. ವಿಶ್ರಾಂತಿ ತಗೊಳ್ಳಿ."

"ಹಂಗಂತೀಯಾ?" ಅವರು ಸ್ವಲ್ಪ ಯೋಚಿಸಿದರು. "ದಾದಿ ಹೇಳಿದ್ಮ್ಯಾಗ ಕೇಳ್ಬೇಕಲ್ಲವಾ. ಶಿವಕ್ಕಾ, ವರನ ಕಡೇರಿಗೆ ಇನ್ನೊಂದು ತಂತಿ ಕೊಡಿಸು. ಬರೋದು ಬ್ಯಾಡ, ನನಗ ಹುಷಾರಿಲ್ಲ ಅಂತ."

ನೀಲಗಂಗಾ ಒಳಗೆ ಹೋಗಿ ಪಟ್ಟಿ ತೆರೆದು, ಇಪ್ಪತ್ತೊಂದನೆಯ ಸಾಲಿನಲ್ಲಿ ಮಾವನ ಹೆಸರನ್ನೂ ಅದರ ಮುಂದೆ 'ಹತ್ತೊಂಬತ್ತು' ಎಂದೂ ದುಂಡಗೆ ಬರೆದಳು.